ಡಬಲ್ ಡೋರ್ ಫ್ರಿಜ್: ಫ್ರೀಜರ್‌ನಲ್ಲಿ ಐಸ್ ಕಟ್ಟುತ್ತಿಲ್ಲ, ನಿಜಕ್ಕೂ ಗ್ಯಾಸ್ ಹೋಗಿದೆಯಾ?

ಪ್ರಶ್ನೆ:
260 ಲೀಟರ್, ಫ್ರಾಸ್ಟ್ ಫ್ರೀ (ಹಿಮ ತಾನಾಗಿ ಕರಗುವ ಬಗೆ), ಏಳು ವರ್ಷ ಹಳೆಯದು. ಇನ್ವರ್ಟರ್ ಅಲ್ಲ, ಒಳಗೆ ಆಗಾಗ ಹಿಮ ಕರಗಿಸೋಕೆ ಹಳೇ ಕಾಲದ ಟೈಮರ್ ಇದೆ. ಹತ್ತು ದಿನದ ಹಿಂದೆ ಕೆಳಗಿಟ್ಟ ಹಾಲು ಒಡೆಯೋಕೆ ಶುರುವಾಯ್ತು. ಈಗ ಫ್ರೀಜರ್‌ನ ಐಸ್ ಟ್ರೇಯಲ್ಲಿ ಅಂಚು ಮಾತ್ರ ಗಟ್ಟಿ, ನಡುವೆ ನೀರು. ಕಂಪ್ರೆಸರ್ ನಿಲ್ಲದೆ ಓಡುತ್ತಿದೆ. ಫ್ರೀಜರ್ ಹಿಂಗೋಡೆಯ ಸಂದಿಯಲ್ಲಿ ಬಿಳಿ ಹಿಮ ಕಾಣುತ್ತಿದೆ. ಮೆಕ್ಯಾನಿಕ್ ಹೊರಗಿಂದಲೇ ನೋಡಿ "ಗ್ಯಾಸ್ ಹೋಗಿದೆ, ತುಂಬಿಸಬೇಕು" ಅಂದರು. ತುಂಬಿಸಲಾ?

ಉತ್ತರ 1:
ಬೇಡ ಸರ್, ಸ್ವಲ್ಪ ತಡೆಯಿರಿ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಎಲ್ಲೋ ಲೀಕ್ ಆದರೆ ಮಾತ್ರ ಕಡಿಮೆಯಾಗುತ್ತದೆ. ಲೀಕ್ ಹುಡುಕದೆ ತುಂಬಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಂಪು ಹುಟ್ಟುವುದು ಫ್ರೀಜರ್ ಹಿಂದಿನ ಒಂದೇ ಕಾಯಿಲ್‌ನಲ್ಲಿ. ಫ್ಯಾನ್ ಆ ಗಾಳಿಯನ್ನು ಮೇಲಕ್ಕೂ ಕೆಳಕ್ಕೂ ತಳ್ಳುತ್ತದೆ. ಕಾಯಿಲ್ ಮೇಲೆ ಹಿಮ ಮುಚ್ಚಿಕೊಂಡರೆ ಗಾಳಿ ಆಡುವುದಿಲ್ಲ, ಮೊದಲು ಏಟು ಬೀಳುವುದು ಕೆಳಗಿನ ಖಾನೆಗೆ. ನಿಮ್ಮಲ್ಲಿ ಮೊದಲು ಹಾಲು, ಆಮೇಲೆ ಐಸ್ ಕೆಟ್ಟಿದ್ದು ಇದೇ ಕ್ರಮದಲ್ಲಿ.

ಪ್ಲಗ್ ಕಿತ್ತು, ಫ್ರೀಜರ್ ಖಾಲಿ ಮಾಡಿ, ಹಿಂಗೋಡೆಯ ಸ್ಕ್ರೂ ಬಿಚ್ಚಿ ಕಾಯಿಲ್ ನೋಡಿ. ತೆಳು ಅಲ್ಯೂಮಿನಿಯಂ ರೆಕ್ಕೆಗಳೇ ಕಾಣದಷ್ಟು ಹಿಮ ಪೂರ್ತಿ ತುಂಬಿದ್ದರೆ ಡಿಫ್ರಾಸ್ಟ್, ಅಂದರೆ ಆಗಾಗ ಹಿಮ ಕರಗಿಸುವ ವ್ಯವಸ್ಥೆ, ಕೆಲಸ ಮಾಡುತ್ತಿಲ್ಲ. ಗ್ಯಾಸ್ ಒಳಬರುವ ಕಡೆ ಮೊದಲ ಒಂದೆರಡು ಸುತ್ತಿನಲ್ಲಷ್ಟೇ ಹಿಮವಿದ್ದು ಉಳಿದದ್ದು ಬೋಳಾಗಿದ್ದರೆ ಆಗ ಗ್ಯಾಸ್ ಕಡಿಮೆ ಅನ್ನಿ. ತೆಳುವಾಗಿ, ಸಮನಾಗಿ ಹಿಮವಿದ್ದೂ ತಂಪಿಲ್ಲದಿದ್ದರೆ ಫ್ಯಾನ್ ಮೋಟರ್ ನೋಡಬೇಕು.

ಹಿಮವನ್ನು ಚಾಕುವಿನಿಂದ ಕೆರೆಯಲೇಬೇಡಿ. ಆ ಪೈಪ್ ತೂತಾದರೆ ಇಲ್ಲದ ಗ್ಯಾಸ್ ಖರ್ಚು ನಿಜವಾಗಿಯೂ ಬರುತ್ತದೆ. ಬಾಗಿಲು ತೆರೆದಿಟ್ಟು 24 ಗಂಟೆ ಬಿಡಿ, ಕೆಳಗೆ ಬಟ್ಟೆ ಹಾಸಿ.

ಉತ್ತರ 2:
ಹಿಮ ಕರಗಿದ ಮೇಲೆ ಮಲ್ಟಿಮೀಟರ್ ಹಿಡಿದು ಡಿಫ್ರಾಸ್ಟ್‌ನ ಮೂರು ಪಾರ್ಟ್ ನೋಡಿ. ದಾರಿ ಕೂಡಿದ್ದರೆ ಮೀಟರ್ ಬೀಪ್ ಅನ್ನುತ್ತದೆ, ಕಡಿದಿದ್ದರೆ ಓಪನ್. ಪ್ಲಗ್ ಹೊರಗೇ ಇರಲಿ.

ಹೀಟರ್ (ಕಾಯಿಲ್ ಮೇಲಿನ ಹಿಮ ಕರಗಿಸುವುದು): 230 ವೋಲ್ಟ್‌ಗೆ 150 ವ್ಯಾಟ್‌ನದಾದರೆ ಸುಮಾರು 350 ಓಮ್, 200 ವ್ಯಾಟ್‌ನದಾದರೆ 265 ಓಮ್ ಆಸುಪಾಸು. ಓಪನ್ ತೋರಿಸಿದರೆ ಸುಟ್ಟಿದೆ.

ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಹಾರುವುದು): ಯಾವಾಗಲೂ ಬೀಪ್ ಬರಬೇಕು.

ಬೈಮೆಟಲ್: ಇಲ್ಲೇ ಎಡವುವುದು. ಇದು ಚಳಿಯಲ್ಲಿ ಕೂಡಿಕೊಂಡು ಬೆಚ್ಚಗಾದಾಗ ಬಿಟ್ಟುಕೊಳ್ಳುವ ಸ್ವಿಚ್. ಕೋಣೆಯ ಬಿಸಿಯಲ್ಲಿ ಬೀಪ್ ಬಾರದಿರುವುದೇ ಸರಿ. ಅಷ್ಟಕ್ಕೇ ಕೆಟ್ಟಿದೆ ಅಂತ ಎಸೆಯಬೇಡಿ. ಬರೀ ಐಸ್ ನೀರು ಸೊನ್ನೆ ಡಿಗ್ರಿ, ಅದು ಸಾಲದು. ಪುಡಿ ಮಾಡಿದ ಐಸ್‌ಗೆ ಮೂರರಲ್ಲೊಂದು ಪಾಲು ಕಲ್ಲುಪ್ಪು ಕಲಸಿ, ಬೈಮೆಟಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹತ್ತು ನಿಮಿಷ ಹೂತಿಡಿ. ಆಗ ಬೀಪ್ ಬರಬೇಕು.

ಮೂರೂ ಸರಿಯಿದ್ದರೆ ಟೈಮರ್. ಪ್ಲಗ್ ಹಾಕಿ, ಅದರ ಸ್ಕ್ರೂ ಗುಂಡಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಟಿಕ್ ಅನ್ನುವವರೆಗೆ ತಿರುಗಿಸಿ. ಕಂಪ್ರೆಸರ್ ನಿಲ್ಲಬೇಕು. ಗಂಟೆಗಟ್ಟಲೆ ಬಿಟ್ಟರೂ ತಾನಾಗಿ ಮತ್ತೆ ಶುರುವಾಗದಿದ್ದರೆ ಟೈಮರ್ ಮೋಟರ್ ಸತ್ತಿದೆ.

ಪ್ರಶ್ನೆ ಕೇಳಿದವರು:
ಬಿಚ್ಚಿ ನೋಡಿದೆ. ರೆಕ್ಕೆ ಒಂದೂ ಕಾಣದಷ್ಟು ಹಿಮ. ಕರಗಿದ ಮೇಲೆ ಹೀಟರ್ 348 ಓಮ್. ಫ್ಯೂಸ್ ಓಪನ್. ಬೈಮೆಟಲ್ ಕೋಣೆಯ ಬಿಸಿಯಲ್ಲೇ ಬೀಪ್ ಅನ್ನುತ್ತಿದೆ. ಫ್ಯೂಸ್ ಒಂದೇ ಬದಲಾಯಿಸಿದರೆ ಸಾಕಲ್ಲವೇ?

ಉತ್ತರ 2:
ಸಾಲದು. ಫ್ಯೂಸ್ ಹೋಗಿದ್ದಕ್ಕೆ ಕಾರಣವೇ ಆ ಬೈಮೆಟಲ್. ಅದರ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಹಿಮ ಕರಗಿದರೂ ಹೀಟರ್ ನಿಂತಿಲ್ಲ, ಬಿಸಿ ಏರಿ ಫ್ಯೂಸ್ ಹಾರಿದೆ. ಹೊಸ ಫ್ಯೂಸ್ ಹಾಕಿದರೆ ಅದೂ ಹಾರುತ್ತದೆ. ಎರಡನ್ನೂ ಒಟ್ಟಿಗೆ ತನ್ನಿ, ಹಳೆಯದರ ಮೇಲೆ ಬರೆದ ಡಿಗ್ರಿ ಅಂಕಿ ಹೊಂದಿಸಿಕೊಳ್ಳಿ. ಫ್ಯೂಸ್ ತೆಗೆದು ನೇರ ವೈರ್ ಕಟ್ಟಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುವುದನ್ನು ತಡೆಯಲೆಂದೇ ಅದಿರುವುದು.

ಬೈಮೆಟಲ್ ಕ್ಲಿಪ್ಪನ್ನು ಹಳೆಯದಿದ್ದ ಪೈಪಿನ ಅದೇ ಜಾಗಕ್ಕೆ ಬಿಗಿಯಾಗಿ ಕೂರಿಸಿ. ವೈರ್ ಜೋಡಿಸಿದ ಕಡೆ ಟೇಪ್ ಸುತ್ತಬೇಡಿ, ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಜೋಡಿಸಿ) ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕವಚ) ಹಾಕಿ.

ಉತ್ತರ 1:
ಗೋಡೆ ಮುಚ್ಚುವ ಮುಂಚೆ ಕಾಯಿಲ್ ಕೆಳಗಿನ ನೀರಿನ ತೂತಿಗೆ ಒಂದು ಲೋಟ ಉಗುರುಬೆಚ್ಚನೆ ನೀರು ಬಿಡಿ. ಹಿಂದೆ ಕಂಪ್ರೆಸರ್ ಮೇಲಿನ ಟ್ರೇಗೆ ಬರಬೇಕು. ಆ ತೂತು ಕಟ್ಟಿಕೊಂಡಿದ್ದರೆ ಕರಗಿದ ನೀರು ಅಲ್ಲೇ ಹೆಪ್ಪುಗಟ್ಟಿ ಮತ್ತೆ ಇದೇ ಪಾಡು.

ಫ್ರಿಜ್ ಹಾಕಿ ಪೂರ್ತಿ ಒಂದು ದಿನ ಬಿಟ್ಟು ಅಳೆಯಿರಿ. ಫ್ರೀಜರ್ ಮೈನಸ್ 18ರ ಹತ್ತಿರ, ಕೆಳಗೆ ಲೋಟದ ನೀರಿನಲ್ಲಿ ಅದ್ದಿಟ್ಟ ಥರ್ಮಾಮೀಟರ್ 4–5 ಡಿಗ್ರಿ ತೋರಿಸಬೇಕು. ವಾರದ ನಂತರ ಸಂದಿಯಲ್ಲಿ ಮತ್ತೆ ಹಿಮ ಕಂಡರೆ ಟೈಮರನ್ನೂ ಬದಲಾಯಿಸಿ.