‘ಬ್ಯಾಡ್ ಗರ್ಲ್’ (1931): ಗಂಡ ಹೆಂಡಿರ ನಡುವಿನ ಆ ಮೌನ ನಂಬುವಂತಿದೆಯೇ?

ಪ್ರಶ್ನೆ

ಫ್ರಾಂಕ್ ಬೊರ್ಝೇಗಿ ನಿರ್ದೇಶನದ ‘ಬ್ಯಾಡ್ ಗರ್ಲ್’ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಮಳಿಗೆಯೊಂದರಲ್ಲಿ ರೂಪದರ್ಶಿಯಾಗಿ ದುಡಿಯುವ ಡೊರೊಥಿ, ರೇಡಿಯೊ ಅಂಗಡಿಯಲ್ಲಿ ಕೆಲಸಕ್ಕಿರುವ ಎಡ್ಡಿ, ಇವರಿಬ್ಬರೂ ಅವಸರದಲ್ಲಿ ಮದುವೆಯಾಗಿ ನ್ಯೂಯಾರ್ಕಿನ ಬಾಡಿಗೆ ಮನೆಯಲ್ಲಿ ಸಂಸಾರ ಹೂಡುತ್ತಾರೆ. ಅವಳು ಬಸುರಿಯಾದ ಮೇಲೆ, ಮಗು ಗಂಡನಿಗೆ ಬೇಡವೆಂದು ಅವಳೂ ಹೆಂಡತಿಗೆ ಬೇಡವೆಂದು ಅವನೂ ತಿಳಿದು ಒಳಗೊಳಗೇ ಕೊರಗುತ್ತಾರೆ. ಎದುರು ಕುಳಿತು ಎರಡು ಮಾತಾಡಿದ್ದರೆ ಬಗೆಹರಿಯುತ್ತಿದ್ದ ಈ ಸಂಗತಿಯನ್ನು ಕಥೆಗಾರರು ತಮ್ಮ ಅನುಕೂಲಕ್ಕೆ ಎಳೆದಿದ್ದಾರೆ ಎನಿಸಿತು. ಇದಕ್ಕೆ ಎರಡು ಆಸ್ಕರ್ ಪ್ರಶಸ್ತಿಗಳು ಬಂದದ್ದು ಯಾವ ಗುಣಕ್ಕಾಗಿ?

ಉತ್ತರ 1

ಅವರು ಮಾತಾಡದಿರುವುದಕ್ಕೆ ಚಿತ್ರದಲ್ಲೇ ಕಾರಣವಿದೆ, ಅದು ದುಡ್ಡು. ಸ್ವಂತ ಅಂಗಡಿ ತೆರೆಯಲು ಎಡ್ಡಿ ಹಣ ಕೂಡಿಡುತ್ತಿರುವುದು ಗೊತ್ತಿರುವುದರಿಂದಲೇ ಬಸಿರಿನ ಸುದ್ದಿ ಹೇಳಲು ಡೊರೊಥಿಗೆ ಬಾಯಿ ಬರುವುದಿಲ್ಲ. ಅವಳ ಮಂಕು ಮುಖ ಕಂಡ ಅವನು, ಇರುವ ಮನೆ ಅವಳಿಗೆ ಹಿಡಿಸುತ್ತಿಲ್ಲವೆಂದು ಊಹಿಸಿ, ಆ ಹಣವನ್ನೆಲ್ಲ ದೊಡ್ಡ ಮನೆಗೆ ಸುರಿಯುತ್ತಾನೆ. ಒಬ್ಬರಿಗಾಗಿ ಒಬ್ಬರು ಮಾಡುವ ತ್ಯಾಗವೇ ತಪ್ಪು ತಿಳಿವಳಿಕೆಯನ್ನು ಬೆಳೆಸುತ್ತದೆ.

ಮುಷ್ಟಿಯುದ್ಧದ ದೃಶ್ಯವನ್ನು ಇನ್ನೊಮ್ಮೆ ನೋಡಿ. ಒಳ್ಳೆಯ ವೈದ್ಯರ ಖರ್ಚಿಗಾಗಿ, ಪ್ರತಿ ಸುತ್ತಿಗೂ ಹತ್ತು ಡಾಲರಿನಂತೆ ಎಡ್ಡಿ ಕಣಕ್ಕಿಳಿಯುತ್ತಾನೆ. ಹೊಡೆತ ತಿಂದು ತತ್ತರಿಸುತ್ತ ಎದುರಾಳಿಯನ್ನೇ ತಬ್ಬಿಕೊಂಡವನು, ತನ್ನನ್ನು ಕೆಡವಬೇಡವೆಂದು ಪಿಸುದನಿಯಲ್ಲಿ ಬೇಡುತ್ತಾನೆ. ಕಾರಣ ತಿಳಿದ ಎದುರಾಳಿ ಅವನನ್ನು ಬೀಳದಂತೆ ನಡೆಸಿಕೊಂಡು ಹೋಗುತ್ತಾನೆ. ಅಪರಿಚಿತನಿಗೆ ಹೇಳಿಕೊಂಡದ್ದನ್ನು ಮನೆಯಲ್ಲಿ ಹೇಳುವುದಿಲ್ಲ, ಊದಿದ ಮುಖ ಕಂಡ ಹೆಂಡತಿ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾಳೆ. ವೈದ್ಯರ ಮುಂದೆ ಅತ್ತುಬಿಡುವ ಈ ಮನುಷ್ಯ ಹೆಂಡತಿಯ ಮುಂದೆ ಮಾತ್ರ ಕುಹಕದ ಮಾತಿನ ಗಂಡಸೇ ಆಗಿರುತ್ತಾನೆ. ಜೇಮ್ಸ್ ಡನ್ ಈ ಎರಡೂ ಮುಖಗಳನ್ನು ನಿಭಾಯಿಸಿದ ರೀತಿಯನ್ನು ನೋಡಿದರೆ, ನನಗಂತೂ ಆ ಮೌನ ಕೃತಕವೆನಿಸುವುದಿಲ್ಲ.

ಉತ್ತರ 2

ಪ್ರಶಸ್ತಿಯ ವಿಷಯ: 1932ರ ನವೆಂಬರಿನಲ್ಲಿ ಬೊರ್ಝೇಗಿ ಅವರಿಗೆ ನಿರ್ದೇಶನಕ್ಕಾಗಿ, ಎಡ್ವಿನ್ ಬರ್ಕ್ ಅವರಿಗೆ ಚಿತ್ರಕಥೆಯ ರೂಪಾಂತರಕ್ಕಾಗಿ ಆಸ್ಕರ್ ಬಂದವು, ಅತ್ಯುತ್ತಮ ಚಿತ್ರದ ಗೌರವ ‘ಗ್ರ್ಯಾಂಡ್ ಹೋಟೆಲ್’ ಪಾಲಾಯಿತು. ತಾರೆಯರಿಂದ ತುಂಬಿದ ಆ ಚಿತ್ರದ ಪಕ್ಕದಲ್ಲಿ, ಹೆರಿಗೆಯ ಖರ್ಚು, ಮನೆ ಬಾಡಿಗೆ, ಮೆಟ್ಟಿಲ ಮೇಲೆ ಕುಳಿತು ಆಡುವ ಮಾತುಗಳನ್ನೇ ನೆಚ್ಚಿಕೊಂಡ ಚಿತ್ರವೊಂದು ನಿರ್ದೇಶನಕ್ಕಾಗಿ ಗೆದ್ದದ್ದು ಸಣ್ಣ ಸಂಗತಿಯಲ್ಲ. ಹೆಸರು ಮಾತ್ರ ಶುದ್ಧ ವ್ಯಾಪಾರದ ಹೆಸರು, ಕೆಟ್ಟ ಹುಡುಗಿ ಎಂಬುವಳು ಚಿತ್ರದಲ್ಲಿ ಇಲ್ಲವೇ ಇಲ್ಲ. ವಿನ್ಯಾ ಡೆಲ್ಮಾರ್ ಅವರ 1928ರ ಮೂಲ ಕಾದಂಬರಿ ಬಾಸ್ಟನ್ನಿನಲ್ಲಿ ನಿಷೇಧಕ್ಕೊಳಗಾಗಿ ಹೆಸರು ಮಾಡಿದ್ದರಿಂದ ಆ ಹೆಸರನ್ನು ಬಿಡಲು ಸ್ಟುಡಿಯೊಗೆ ಮನಸ್ಸಾಗಿರಲಾರದು.

ಉತ್ತರ 3

ಮೊದಲ ಉತ್ತರದ ವಾದ ಬಸಿರಿನ ದಿನಗಳಿಗೆ ಸರಿಹೊಂದುತ್ತದೆ, ಹೆರಿಗೆಯ ನಂತರದ ಭಾಗಕ್ಕೆ ಹೊಂದುವುದಿಲ್ಲ. ಮಗು ಕಣ್ಣೆದುರಿಗೇ ಇರುವಾಗಲೂ ಅನುಮಾನ ಮುಂದುವರಿಯಬೇಕಾದರೆ ಇಬ್ಬರೂ ತೀರ ಕುರುಡರಾಗಿರಬೇಕು. ಅದಕ್ಕಿಂತ ದೊಡ್ಡ ತೊಡಕು ಗೆಳತಿ ಎಡ್ನಾ. ಮಿನ್ನಾ ಗೊಂಬೆಲ್ ಈ ಪಾತ್ರವನ್ನು ಎಷ್ಟು ಚುರುಕಾಗಿ, ನೇರ ನಾಲಗೆಯವಳಾಗಿ ಕಟ್ಟಿದ್ದಾರೆಂದರೆ, ಮನೆಯಲ್ಲೇ ಓಡಾಡಿಕೊಂಡಿರುವ ಅಂಥವಳು ಇಬ್ಬರನ್ನೂ ಕೂರಿಸಿ ಗದರದೆ ಸುಮ್ಮನಿದ್ದಳೆಂಬುದನ್ನು ಒಪ್ಪುವುದು ಕಷ್ಟ.