ಪೇಷಂಟ್ ಕಡೆಯವರು ಕೂಗಾಡಿದ್ರೆ, ಡಾಕ್ಟರ್ ಫೋನ್ ಇಟ್ಬಿಟ್ರೆ: ಸೀನಿಯರ್ ಸಿಸ್ಟರ್‌ಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ನಮಸ್ತೆ ಸಿಸ್ಟರ್, ನಾನು ಕೆಲ್ಸಕ್ಕೆ ಸೇರಿ ಎಂಟು ತಿಂಗ್ಳಾಯ್ತು, ಮೆಡಿಕಲ್ ವಾರ್ಡು. ಮೊನ್ನೆ ನೈಟ್ ಡ್ಯೂಟೀಲಿ ಒಬ್ರು ಪೇಷಂಟ್ ಮಗ ಸಿಕ್ಕಾಪಟ್ಟೆ ಕೂಗಾಡ್ಬಿಟ್ರು, ಅವರಪ್ಪಂಗೆ ನೋವಿನ ಇಂಜೆಕ್ಷನ್ ಕೊಡೋದು ಲೇಟಾಯ್ತು ಅಂತ. ಆಗ ನಾನು ಇನ್ನೊಂದು ಬೆಡ್ಡಲ್ಲಿ ಬಿಪಿ ಇಳಿದಿದ್ದವ್ರನ್ನ ನೋಡ್ತಿದ್ದೆ, ಅದನ್ನ ಹೇಳೋಕೆ ಹೋದ್ರೆ "ನಿಮ್ಮ ಕಥೆ ನಂಗ್ಯಾಕೆ" ಅಂದ್ರು. ನಾನೂ ತಿರುಗಿ ಜೋರು ಮಾಡ್ದೆ, ಆಮೇಲೆ ಬಾತ್ರೂಮಿಗೆ ಹೋಗಿ ಅತ್ತೆ. ಇಂಥ ಟೈಮಲ್ಲಿ ಕರುಣೆ ಎಲ್ಲಿಂದ ತರೋದು ಸಿಸ್ಟರ್?

ಉತ್ತರ: ತಂಗಿ ಅಂದ್ಕೊಂಡು ಹೇಳ್ತೀನಮ್ಮ, ಏಕವಚನ ಬಂದ್ರೆ ಬೇಜಾರು ಮಾಡ್ಕೋಬೇಡ. ಅತ್ತಿದ್ದಕ್ಕೆ ನಾಚ್ಕೆ ಬೇಡ, ನಾನು 23 ವರ್ಷ ಆದ್ಮೇಲೂ ಅತ್ತಿದೀನಿ, ಬಾತ್ರೂಮ್ ಬದ್ಲು ಲಿನನ್ ರೂಮಲ್ಲಿ ಅಷ್ಟೇ.

ನೀನು ಹೇಳಿದ್ದು ಸುಳ್ಳಲ್ಲ, ಬಿಪಿ ಬಿದ್ದವ್ರನ್ನ ಬಿಟ್ಟು ಬರೋಕಾಗಲ್ಲ. ಆದ್ರೆ ಆ ಮನುಷ್ಯ ಕೇಳಿದ್ದು ಅವರಪ್ಪನ ವಿಷ್ಯ, ನೀನು ಶುರು ಮಾಡಿದ್ದು ಬೇರೆ ಬೆಡ್ಡಿನ ವಿಷ್ಯ, ಅವರ ಕಿವಿಗೆ ಅದು ನೆಪ ಥರ ಬಿತ್ತು. ಮೊದ್ಲು ಅವರಪ್ಪನ ಹತ್ರ ಹೋಗು, ಮಗನ ಹತ್ರ ಅಲ್ಲ. "ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರಲ್ಲಿ ಹೇಳಿ" ಅಂತ ಪೇಷಂಟನ್ನೇ ಕೇಳು. ಮಗ ಪಕ್ಕದಲ್ಲಿ ನಿಂತು ನೋಡ್ತಿರ್ತಾನಲ್ಲ, ಅಲ್ಲೇ ಅರ್ಧ ಸಿಟ್ಟು ಇಳಿಯುತ್ತೆ. ಆಮೇಲೆ "ಕಾಯಿಸ್ಬಿಟ್ಟೆ, ತಪ್ಪಾಯ್ತು" ಅಂತ ಒಂದೇ ಮಾತು, ಕಾರಣ ಅವರು ಕೇಳಿದ್ರೆ ಮಾತ್ರ. "ಸಮಾಧಾನ ಮಾಡ್ಕೊಳಿ" ಅಂತ ಮಾತ್ರ ಅಪ್ಪಿತಪ್ಪಿನೂ ಹೇಳ್ಬೇಡ, ಸಿಟ್ಟಲ್ಲಿರೋರಿಗೆ ಅದು ಉರಿಯೋ ಬೆಂಕಿಗೆ ತುಪ್ಪ.

ಇನ್ನೊಂದು, ನಾವು "ಬಂದೆ ಬಂದೆ" ಅಂತೀವಲ್ಲ, ಬರೋಕೆ ಮುಂಚೇನೇ ಬಂದಾಯ್ತು ಅಂತ ಹೇಳಿ ಅರ್ಧ ಗಂಟೆ ನಾಪತ್ತೆ ಆಗೋದು, ವಾರ್ಡಲ್ಲಿ ಅರ್ಧ ಜಗಳ ಹುಟ್ಟೋದೇ ಅಲ್ಲಿ. ಟೈಮ್ ಹೇಳು, ಇಪ್ಪತ್ತು ನಿಮಿಷ ಅಂದ್ರೆ ಇಪ್ಪತ್ತು ನಿಮಿಷ. ಅಷ್ಟೊತ್ತಿಗೆ ಔಷಧಿ ಬಂದಿಲ್ದಿದ್ರೂ ಹೋಗಿ "ಇನ್ನೂ ಬಂದಿಲ್ಲ, ಫಾರ್ಮಸಿಗೆ ಮತ್ತೆ ಫೋನ್ ಮಾಡಿದೀನಿ" ಅಂತ ಮುಖ ತೋರಿಸಿ ಬಾ. ಹೆಸರೂ ಹೇಳು. ಇಂಗ್ಲೆಂಡಲ್ಲಿ ಕೇಟ್ ಗ್ರೇಂಜರ್ ಅಂತ ಒಬ್ರು ಡಾಕ್ಟರ್ ಇದ್ರು, ಅವರಿಗೇ ಕ್ಯಾನ್ಸರ್ ಆಗಿ 2013ರಲ್ಲಿ ಅಡ್ಮಿಟ್ ಆಗಿದ್ದಾಗ ನೋಡ್ಕೊಳೋಕೆ ಬಂದ ಎಷ್ಟೋ ಜನ ತಮ್ಮ ಹೆಸರೇ ಹೇಳ್ಲಿಲ್ಲ ಅನ್ನೋದು ಅವರಿಗೆ ಚುಚ್ಚಿತು. ಅಲ್ಲಿಂದ ಶುರುವಾಗಿದ್ದೇ "ಹಲೋ ಮೈ ನೇಮ್ ಈಸ್" ಅಭಿಯಾನ. 2016ರಲ್ಲಿ ಅವರು ತೀರ್ಕೊಂಡ್ರು. ಕರುಣೆ ಎಲ್ಲಿಂದ ತರೋದು ಅಂದ್ಯಲ್ಲ, ಮನಸ್ಸಲ್ಲಿ ಉಕ್ಕಿ ಬರ್ಲಿ ಅಂತ ಕಾಯ್ತಾ ಕೂತ್ರೆ ನೈಟ್ ಡ್ಯೂಟೀಲಿ ಬರಲ್ಲಮ್ಮ, ಹೆಸರು ಹೇಳೋದು, ಹೇಳಿದ ಟೈಮಿಗೆ ಹೋಗೋದು, ಒಂದು ನಿಮಿಷ ಸ್ಟೂಲ್ ಎಳ್ಕೊಂಡು ಕೂರೋದು, ಇಷ್ಟು ಮಾಡು, ಮಿಕ್ಕಿದ್ದು ಹಿಂದೆ ಬರುತ್ತೆ.

ಆದ್ರೆ ಕೈ ಎತ್ತಿದ್ರೆ ಲೆಕ್ಕ ಬೇರೆ. ಬಾಗ್ಲು ಯಾವಾಗ್ಲೂ ನಿನ್ನ ಕಡೆ ಇರ್ಲಿ, ಎರಡು ಕೈ ದೂರ ನಿಲ್ಲು, ಹಿಂದೆ ಸರಿ, ಸೆಕ್ಯೂರಿಟಿ ಕರಿ. ಹೊಡೆಸ್ಕೊಳೋದು ಕರುಣೆ ಅಲ್ಲ. ಅದೇ ಶಿಫ್ಟಲ್ಲೇ ರಿಪೋರ್ಟ್ ಬರೆದಿಡು, "ಒರಟಾಗಿ ನಡ್ಕೊಂಡ್ರು" ಅಂತ ಅಲ್ಲ, ಎಷ್ಟು ಗಂಟೆಗೆ ಏನಂದ್ರು ಅಂತ ಅವರ ಬಾಯಿಮಾತಲ್ಲೇ.

ಪ್ರಶ್ನೆ (ಬೇರೆಯವರು): ಸಿಸ್ಟರ್ ನಮ್ಮ ಕಡೆ ಪೇಷಂಟಿಗಿಂತ ಡಾಕ್ಟರ್ ಪ್ರಾಬ್ಲಮ್ ಜಾಸ್ತಿ. ರಾತ್ರಿ ಎರಡು ಗಂಟೇಲಿ ಒಬ್ರಿಗೆ ಉಸಿರಾಟ 28, ಸ್ಯಾಚುರೇಶನ್ (ರಕ್ತದಲ್ಲಿರೋ ಆಕ್ಸಿಜನ್ ಪ್ರಮಾಣ) ಶೇಕಡ 89, ಫೋನ್ ಮಾಡಿ "ಪೇಷಂಟ್ ಸ್ವಲ್ಪ ಸರಿ ಕಾಣ್ತಿಲ್ಲ ಸರ್" ಅಂದೆ, "ಬೆಳಿಗ್ಗೆ ನೋಡ್ತೀನಿ" ಅಂತ ಇಟ್ಬಿಟ್ರು.

ಉತ್ತರ: ನಿದ್ದೆಗಣ್ಣಲ್ಲಿ ಇರೋರಿಗೆ "ಸ್ವಲ್ಪ ಸರಿ ಕಾಣ್ತಿಲ್ಲ" ಅಂದ್ರೆ ಏನು ಅರ್ಥ ಆಗುತ್ತೆ ಹೇಳಿ? ನಂಬರ್ ನಿಮ್ಮ ಕೈಯಲ್ಲೇ ಇತ್ತಲ್ಲ. ದೊಡ್ಡವರಲ್ಲಿ ಉಸಿರಾಟ ನಿಮಿಷಕ್ಕೆ 12ರಿಂದ 20 ಇರ್ಬೇಕು, 28 ಅಂದ್ರೆ ಬೆಳಿಗ್ಗೆ ತನಕ ಕಾಯೋ ಮಾತೇ ಅಲ್ಲ. ಎಸ್‌ಬಾರ್ ಅಂತ ಕಲಿಸಿರ್ತಾರೆ, ವಿಷ್ಯ ಚುಟುಕಾಗಿ ತಿಳಿಸೋಕೆ ಅಮೆರಿಕದ ಸಬ್‌ಮರೀನಿನವ್ರು ಬಳಸ್ತಿದ್ದ ಕ್ರಮ, ಆಮೇಲೆ ಆಸ್ಪತ್ರೆಗೆ ಬಂತು. ಈಗ ಏನಾಗಿದೆ, ಹಿನ್ನೆಲೆ ಏನು, ನಂಗೇನು ಅನ್ಸುತ್ತೆ, ನಿಮ್ಮಿಂದ ಏನು ಬೇಕು, ಈ ಆರ್ಡರಲ್ಲಿ. "ಸರ್, ಆರನೇ ಬೆಡ್, ಉಸಿರಾಟ 28, ಸ್ಯಾಚುರೇಶನ್ 89, ಒಂದು ಗಂಟೆ ಹಿಂದೆ 95 ಇತ್ತು. ನಿಮೋನಿಯಾಗೆ ಅಡ್ಮಿಟ್ ಆಗಿರೋರು, ಹಳೇ ಶ್ವಾಸಕೋಶದ ಕಾಯಿಲೆ ಇಲ್ಲ. ಹದಗೆಡ್ತಿದ್ದಾರೆ ಅನ್ಸುತ್ತೆ. ಕೂರಿಸಿದೀನಿ, ಪ್ರೋಟೋಕಾಲ್ ಪ್ರಕಾರ ಆಕ್ಸಿಜನ್ ಹಾಕಿದೀನಿ, ನೀವು ಈಗ್ಲೇ ಬಂದು ನೋಡ್ಬೇಕು." ಹಳೇ ಕಾಯಿಲೆ ಇಲ್ಲ ಅಂತ ಯಾಕೆ ಹೇಳೋದು ಅಂದ್ರೆ, ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರೋ ಕೆಲವ್ರಿಗೆ ಸ್ಯಾಚುರೇಶನ್ ಗುರಿಯೇ 88ರಿಂದ 92 ಇರುತ್ತೆ, ಅವರಾದ್ರೆ ಡಾಕ್ಟರ್ ಲೆಕ್ಕ ಬದಲಾಗುತ್ತೆ.

ಆಗ್ಲೂ ಬರಲ್ಲ ಅಂದ್ರೆ ಇನ್ನೊಂದ್ಸಲ ಹೇಳಿ, "ಸರ್ ನಂಗೆ ಯೋಚ್ನೆ ಆಗ್ತಿದೆ, ಇದು ಪೇಷಂಟ್ ಸೇಫ್ಟಿ ವಿಷ್ಯ" ಅಂತ ಇದೇ ಪದದಲ್ಲಿ. ಎರಡನೇ ಸಲಾನೂ ಆಗ್ಲಿಲ್ವಾ, ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ ಅವರ ಮೇಲಿನವ್ರಿಗೆ ಫೋನ್ ಹೋಗ್ಲಿ, ಕೇಸ್ ಶೀಟಲ್ಲಿ ಟೈಮ್ ಹಾಕಿ ಯಾರಿಗೆ ಏನು ತಿಳಿಸಿದ್ರಿ ಬರೀರಿ. ಅವರು ಬೈದಿದ್ದರ ಲೆಕ್ಕ ಆ ರಾತ್ರಿ ಬೇಡ, ಮಾರನೇ ದಿನ ಒಬ್ರೇ ಸಿಕ್ಕಾಗ ಕೇಳಿ. ಎಲ್ರ ಮುಂದೆ ಕೇಳಿದ್ರೆ ಅವರು ಮರ್ಯಾದೆ ಉಳಿಸ್ಕೊಳೋಕೆ ನೋಡ್ತಾರೆ, ಮಾತು ಕೇಳಲ್ಲ.

ಪ್ರಶ್ನೆ (ಬೇರೆಯವರು): ನಾನು ನರ್ಸ್ ಅಲ್ಲ ಮೇಡಂ, ಅಮ್ಮನ ಜೊತೆ ಮೂರು ವಾರ ಆಸ್ಪತ್ರೇಲಿ ಇದ್ದವಳು. ಸಿಸ್ಟರ್‌ಗಳು ಮುಖ ಕೊಟ್ಟು ಮಾತಾಡಲ್ಲ, ಅದಕ್ಕೇನು ಹೇಳ್ತೀರಿ?

ಉತ್ತರ: ನಿಮ್ಮ ಮಾತು ನಿಜ, ಸಮರ್ಥನೆ ಮಾಡ್ಕೊಳಲ್ಲ. ಮಾಡ್ಬೇಕಾದ್ದು ಗೊತ್ತಿದ್ದೂ ಜನ ಸಾಲ್ದೆ ಮಾಡೋಕಾಗದ ಸಂಕಟ ಇದೆಯಲ್ಲ, ಅಂಥದ್ದಕ್ಕೆ 1984ರಲ್ಲೇ ಆಂಡ್ರ್ಯೂ ಜೇಮ್ಟನ್ ಅನ್ನೋ ತತ್ವಶಾಸ್ತ್ರಜ್ಞರು ಮಾರಲ್ ಡಿಸ್ಟ್ರೆಸ್ ಅಂತ ಹೆಸರಿಟ್ರು. ಅದು ದಿನಾ ಆದ್ರೆ ಕೆಲವ್ರು ಮುಖ ಎತ್ತೋದನ್ನೇ ಬಿಡ್ತಾರೆ, ಮುಖ ಎತ್ತಿದ್ರೆ ನೀವೇನಾದ್ರೂ ಕೇಳ್ತೀರಿ, ಇಲ್ಲ ಅನ್ಬೇಕಾಗುತ್ತೆ ಅನ್ನೋ ಭಯ. ಮುಂದೆ ಯಾವಾಗಾದ್ರೂ ಇರ್ಬೇಕಾಗಿ ಬಂದ್ರೆ ಮನೆಯಿಂದ ಒಬ್ರೇ ಮಾತಾಡೋರು ಅಂತ ಗೊತ್ತು ಮಾಡ್ಕೊಳಿ, ಪ್ರಶ್ನೆ ಚೀಟೀಲಿ ಬರ್ಕೊಳಿ, ಶಿಫ್ಟ್ ಬದ್ಲಾಗೋ ಹೊತ್ತಲ್ಲಿ ಕೇಳ್ಬೇಡಿ. ಆ ಹೊತ್ತಿಗೆ ತುಂಬಾ ತುರ್ತು ಇದ್ರೆ ಮಾತ್ರ ಕೂಗಿ, ಖಂಡಿತ ಕೂಗಿ.

ಪ್ರಶ್ನೆ (ಮೊದಲು ಕೇಳಿದವರು): ಸಿಸ್ಟರ್ ಇನ್ನೊಂದೇ. ಆ ಮಗ ಇನ್ನೂ ವಾರ್ಡಲ್ಲೇ ಇದ್ದಾರೆ, ನಾಳೆ ನಂಗೆ ಅದೇ ಬೆಡ್ಡು. ಮುಖ ಹೇಗೆ ನೋಡ್ಲಿ?

ಉತ್ತರ: ಹಿಂದಿನ ಶಿಫ್ಟಿನವ್ರಿಂದ ಹ್ಯಾಂಡೋವರ್ ತಗೊಳೋದು ಮುಗೀತಿದ್ದಂಗೆ ಮೊದ್ಲು ಅಲ್ಲಿಗೇ ಹೋಗು, ಕೊನೇಗೆ ಇಟ್ಕೊಂಡ್ರೆ ಶಿಫ್ಟ್ ಪೂರ್ತಿ ಹೊಟ್ಟೇಲಿ ಕಲ್ಲು. ಹೋಗೋ ಮುಂಚೆ ನೋವಿನ ಇಂಜೆಕ್ಷನ್ ಮುಂದಿನ ಡೋಸ್ ಎಷ್ಟೊತ್ತಿಗೆ ಅಂತ ಚಾರ್ಟ್ ನೋಡ್ಕೊಂಡಿರು. ಹೆಸರು ಹೇಳು, "ಮೊನ್ನೆ ನಾನೂ ಜೋರಾಗಿ ಮಾತಾಡ್ಬಿಟ್ಟೆ, ಕ್ಷಮಿಸಿ. ಅಪ್ಪಾಜಿಗೆ ಇಂಜೆಕ್ಷನ್ ಎಂಟು ಗಂಟೆಗಿದೆ, ಅದಕ್ಕೆ ಮುಂಚೆ ನೋವು ಜಾಸ್ತಿ ಆದ್ರೆ ನನ್ನನ್ನ ಕರೀರಿ" ಅನ್ನು. ಅವರು ಸಾರಿ ಕೇಳ್ಲಿ ಅಂತ ಕಾಯ್ಬೇಡ, ಕೇಳ್ದೇನೂ ಇರ್ಬಹುದು. ಎಂಟಕ್ಕೆ ಐದು ನಿಮಿಷ ಮುಂಚೆ ಅಲ್ಲಿರು.