ಪದಚರ್ಚೆ: ಡಿಎಚ್‌ಸಿಪಿ ‘ರಿಲೇ’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಶಿರಸಿಯಿಂದ, ಸಂಜೆ 6.10

ಡಿಪ್ಲೊಮಾ ಹುಡುಗರ ಲ್ಯಾಬ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರ್ತಾ ಇದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು, ಸ್ವಿಚ್ಚಿಗೆ ಅಂಟಿಸುವ ಚೀಟಿಯೂ ಅದರ ಜೊತೆಗೇ. ಡಿಎಚ್‌ಸಿಪಿ, ಅಂದರೆ ಕಂಪ್ಯೂಟರುಗಳಿಗೆ ಜಾಲದ ವಿಳಾಸ ಹಂಚುವ ವ್ಯವಸ್ಥೆ, ಅದರ ‘ರಿಲೇ ಏಜೆಂಟ್’ ಹತ್ತಿರ ಬಂದು ಗಾಡಿ ನಿಂತಿದೆ. ಟಿ.ವಿ.ಯವರ ‘ಮರುಪ್ರಸಾರ ಕೇಂದ್ರ’ ನೆನಪಾಗಿ ‘ಮರುಪ್ರಸಾರಕ’ ಅಂತ ಬರೆದಿಟ್ಟೆ. ಕಿವಿಗೆ ಹಿತ, ಆದರೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ವಾಕ್ಯ ಇದು: ‘ರೂಟಿಂಗ್ ಸ್ವಿಚ್ಚಿನಲ್ಲಿರುವ ______ ಕಂಪ್ಯೂಟರಿನ ಕೋರಿಕೆಯನ್ನು ಬೇರೆ ಸಬ್‌ನೆಟ್ಟಿನ ಸರ್ವರಿಗೆ ಮುಟ್ಟಿಸುತ್ತದೆ.’ (ಸಬ್‌ನೆಟ್ ಅಂದರೆ ಜಾಲದ ಒಂದು ತುಂಡು.) ತುಂಬಿಕೊಡಿ, ರಾತ್ರಿಯೊಳಗೆ.

ಮೈಸೂರಿನಿಂದ, 6.32

‘ಅಂಚೆಗ’. ಇದಕ್ಕೆ ಚರ್ಚೆಯೇ ಬೇಡ. ಒಬ್ಬ ಓಟಗಾರನ ಕೈಯಿಂದ ಇನ್ನೊಬ್ಬನ ಕೈಗೆ ಚೀಲ ದಾಟುವುದೇ ಅಂಚೆ, ಚಿಕ್ಕದೇವರಾಜ ಒಡೆಯರ ಕಾಲದಿಂದಲೂ. ಮೂಲ ‘ಹಂಸ’. ದಮಯಂತಿಗೆ ಸುದ್ದಿ ಒಯ್ದದ್ದು ಯಾವ ಹಕ್ಕಿ, ಹೇಳಿ ನೋಡೋಣ?

ಕುಮಟಾದಿಂದ, 6.50

ಹಂಸದ ತದ್ಭವ ಅಂಚೆ, ಅದು ಸರಿ. ಟಪಾಲಿನ ಅಂಚೆಯೂ ಅದೇ ಹಕ್ಕಿ ಅನ್ನಲಿಕ್ಕೆ ದಮಯಂತಿಯ ಸಾಕ್ಷಿ ಸಾಲದು. ನಮ್ಮ ಜಿಲ್ಲೆ 1862ರಲ್ಲೇ ಮುಂಬೈ ಪ್ರಾಂತಕ್ಕೆ ಸೇರಿತ್ತು. ನಮ್ಮಜ್ಜಿಗೆ ಟಪಾಲು ಬರುತ್ತಿತ್ತು, ಅಂಚೆ ಬಂದದ್ದು ನಾನಂತೂ ಕೇಳಿಲ್ಲ.

ಕರಾವಳಿಯವರಿಗೆ ಪದ ಕಾಲಬುಡದಲ್ಲೇ ಇದೆ: ‘ತಾರಿ’. ತದಡಿಯಿಂದ ಅಘನಾಶಿನಿಗೆ ಹೊಳೆ ದಾಟಿಸುತ್ತದಲ್ಲ, ಅದು. ಈ ದಡದಲ್ಲಿ ನಿಂತು ಎಷ್ಟು ಕೂಗಿದರೂ ಆ ದಡಕ್ಕೆ ಕೇಳುವುದಿಲ್ಲ. ತಾರಿ ಹತ್ತಬೇಕು.

ಬೆಂಗಳೂರಿನಿಂದ, 7.05

ತಾರಿ ಸಕ್ಕದದ ‘ತರಿ’ಯಿಂದ ಬಂದುದು. ಕಡ ತಂದ ಪದ ಬೇಡ. ‘ದಾಟಿಸುಗ’ ಎನ್ನಿ. ಸರ್ವರ್, ಏಜೆಂಟ್, ಸ್ವಿಚ್ ಎಂದು ಎಲ್ಲವನ್ನೂ ಮನೆಯೊಳಗೆ ಬಿಟ್ಟುಕೊಂಡು ನುಡಿ ಉಳಿಯಿತು ಎಂದರೆ ನಂಬಲಾರೆ.

ಕುಮಟಾದಿಂದ, 7.08

‘ಸಕ್ಕದ’ ಎಲ್ಲಿಂದ ಬಂತು, ಸ್ವಾಮೀ?

ಕಾರವಾರದಿಂದ, 7.40

ಪದ ಆಮೇಲೆ. ಆ ಪೆಟ್ಟಿಗೆ ಮಾಡುವ ಕೆಲಸ ಏನು ಅಂತ ಒಬ್ಬರಾದರೂ ಕೇಳಿದಿರಾ?

ಈಗಷ್ಟೇ ಆನ್ ಆದ ಕಂಪ್ಯೂಟರಿಗೆ ತನ್ನ ವಿಳಾಸವೂ ಗೊತ್ತಿಲ್ಲ, ಸರ್ವರಿನದೂ ಗೊತ್ತಿಲ್ಲ. 0.0.0.0 ಇಂದ 255.255.255.255ಕ್ಕೆ, ಅಂದರೆ ‘ಎಲ್ಲರಿಗೂ’ ಅಂತ ಬರೆದು, ಸರ್ವರ್ ಕಿವಿಗೊಡುವ ಬಾಗಿಲಾದ ಯುಡಿಪಿ 67ನೇ ಪೋರ್ಟಿಗೆ ಬೊಬ್ಬೆ ಹೊಡೆಯುತ್ತದೆ. ‘ಪ್ರಸಾರ’ ಅನ್ನುವುದು ಇದಕ್ಕೇ. ಆ ಬೊಬ್ಬೆ ವಿ-ಲ್ಯಾನಿನ (ಸ್ವಿಚ್ಚಿನಲ್ಲೇ ಬೇರ್ಪಡಿಸಿದ ಜಾಲದ) ಬೇಲಿ ದಾಟುವುದಿಲ್ಲ, ದಾಟಲೂಬಾರದು. ರಿಲೇ ಅದನ್ನು ಕೇಳಿಸಿಕೊಂಡು, ಸಂದೇಶದಲ್ಲಿ ‘ಜಿಐ-ಅಡ್ರೆಸ್’ ಎಂಬ ಖಾಲಿ ಅಂಕಣಕ್ಕೆ ಆ ವಿ-ಲ್ಯಾನಿನಲ್ಲಿ ತನಗಿರುವ ವಿಳಾಸ ತುಂಬುತ್ತದೆ, 192.168.20.1 ಅನ್ನಿ. ಆಮೇಲೆ ‘ಹೆಲ್ಪರ್ ಅಡ್ರೆಸ್’ ಅಂತ ನಾವು ಬರೆದುಕೊಟ್ಟ ಸರ್ವರಿಗೆ ಮಾತ್ರ ನೇರ ಕಳಿಸುತ್ತದೆ. ಪ್ರಸಾರ ಮುಗಿಯುವುದೇ ಅಲ್ಲಿ! ‘ಮರುಪ್ರಸಾರಕ’ ಅಂದರೆ ಹುಡುಗರು ಉಲ್ಟಾ ಕಲಿಯುತ್ತಾರೆ. ಹೊಡೆದುಹಾಕಿ.

ಸರ್ವರ್ ಆ ಅಂಕಣ ನೋಡಿಯೇ ಇದು 20ನೇ ಸಬ್‌ನೆಟ್ಟಿನ ಗಿರಾಕಿ ಅಂತ ತಿಳಿದು ಆ ಕಟ್ಟಿನಿಂದ ವಿಳಾಸ ಎತ್ತಿಕೊಡುತ್ತದೆ. ಉತ್ತರವೂ ಅದೇ 20.1ಕ್ಕೆ. ಒಂದು ಕಡೆ ಇದರಲ್ಲೇ ಅರ್ಧ ದಿನ ಕಳೆದಿದ್ದೇನೆ. ಹೆಲ್ಪರ್ ಸರಿ, ಪೂಲ್ (ಹಂಚುವ ವಿಳಾಸಗಳ ಕಟ್ಟು) ಸರಿ, ಆದರೂ ಯಂತ್ರಗಳೆಲ್ಲ 169.254 ಅಂತ ತಮಗೆ ತಾವೇ ವಿಳಾಸ ಕೊಟ್ಟುಕೊಂಡು ಕೂತಿವೆ. ಕಡೆಗೆ ನೋಡಿದರೆ ಸರ್ವರಿನಲ್ಲಿ 20ನೇ ಸಬ್‌ನೆಟ್ಟಿಗೆ ಮರಳುವ ದಾರಿಯನ್ನೇ ಯಾರೂ ಬರೆದಿರಲಿಲ್ಲ. ಹೋದ ತಾರಿ ವಾಪಸ್ ಬಂದಿರಲಿಲ್ಲ.

ಇನ್ನೊಂದು ಮಾತು. ಇಂಗ್ಲಿಷಿನವರೂ ಇದಕ್ಕೆ ತಲೆ ಕೆರೆದುಕೊಂಡವರೇ. ಡಿಎಚ್‌ಸಿಪಿಗೂ ಮೊದಲಿನ ವ್ಯವಸ್ಥೆ ಬೂಟ್‌ಪಿ; 1985ರ ಆ ಬೂಟ್‌ಪಿ ಕಾಲದ ಹೆಸರು ‘ಫಾರ್ವರ್ಡಿಂಗ್ ಏಜೆಂಟ್’. ರೂಟರಿನ ಮಾಮೂಲಿ ಫಾರ್ವರ್ಡಿಂಗ್ ಜೊತೆ ಗೊಂದಲ ಆಗುತ್ತದೆ ಅಂತ, 1993ರ ಆರ್‌ಎಫ್‌ಸಿ 1542ರಲ್ಲಿ (ಇಂಟರ್ನೆಟ್ಟಿನ ನಿಯಮಗಳ ದಾಖಲೆ) ‘ರಿಲೇ ಏಜೆಂಟ್’ ಅಂತ ಖಾಯಂ ಮಾಡಿದರು. ಹಾಗಾಗಿ ‘ದಾಟಿಸುಗ’ವೂ ಪೂರ್ತಿ ಸರಿಯಲ್ಲ. ರೂಟರ್ ದಿನವಿಡೀ ಮಾಡುವುದು ದಾಟಿಸುವ ಕೆಲಸವನ್ನೇ.

ಯಲ್ಲಾಪುರದಿಂದ, 8.15

ಹಾಗಾದರೆ ಅದು ದಲ್ಲಾಳಿ! ಅಡಿಕೆ ಚೀಲದ ಮೇಲೆ ತನ್ನ ಗುರುತು ಹಾಕಿ ಮುಂದೆ ಕಳಿಸುತ್ತಾನೆ, ರೊಕ್ಕವೂ ಅವನ ಕೈಯಿಂದಲೇ ಬರುತ್ತದೆ.

ಬೆಂಗಳೂರಿನಿಂದ, 8.17

ಅರಬ್ಬಿ.

ಯಲ್ಲಾಪುರದಿಂದ, 8.18

ಆದರೇನಾಯಿತು? ನೀವು ಮಾಡುವ ‘ವಕಾಲತ್ತು’ ಎಲ್ಲಿಯದು?

ಕಾರವಾರದಿಂದ, 8.30

ದಲ್ಲಾಳಿ ಚೆನ್ನಾಗಿ ಕೂರುತ್ತದೆ, ಒಂದು ಕಡೆ ಬಿಟ್ಟು. ವಿಳಾಸ ಇಟ್ಟುಕೊಳ್ಳಲು ಸರ್ವರ್ ಕೊಟ್ಟ ಗಡುವು ಅರ್ಧ ಕಳೆದ ಮೇಲೆ ಕಂಪ್ಯೂಟರ್ ನವೀಕರಣದ ಕೋರಿಕೆಯನ್ನು ಸರ್ವರಿನ ಹೆಸರಿಗೇ ಬರೆಯುತ್ತದೆ. ಅಷ್ಟರಲ್ಲಿ ತನಗೊಂದು ವಿಳಾಸ ಇದೆ, ಸರ್ವರಿನದೂ ಗೊತ್ತು. ಸ್ವಿಚ್ ಅದನ್ನು ಬೇರೆಲ್ಲ ಪ್ಯಾಕೆಟ್ಟಿನ ಹಾಗೆ ಸಾಗಹಾಕುತ್ತದೆ, ಗುರುತು ಹಾಕುವುದಿಲ್ಲ. ಕಮಿಷನ್ ತಪ್ಪಿದರೂ ಸುಮ್ಮನಿರುವ ದಲ್ಲಾಳಿಯನ್ನು ನೀವು ಕಂಡಿದ್ದೀರಾ?

ಬೆಂಗಳೂರಿನಿಂದ, 8.41

ಗೇಲಿಯಿಂದ ಪದ ಹುಟ್ಟುವುದಿಲ್ಲ.

ಶಿರಸಿಯಿಂದ, 9.20

ಎಲ್ಲರಿಗೂ ಉಪಕಾರ. ‘ಮರುಪ್ರಸಾರಕ’ ಹೊಡೆದುಹಾಕಿದೆ. ಕೈಪಿಡಿಯಲ್ಲಿ ‘ರಿಲೇ’ ಅಂತಲೇ ಇರಲಿ, ಸಂದರ್ಶನದಲ್ಲಿ ಹುಡುಗರನ್ನು ಕೇಳುವುದು ಆ ಪದವನ್ನೇ. ವಿವರಣೆಯಲ್ಲಿ ‘ಕೂಗನ್ನು ಕೇಳಿ, ತನ್ನ ಗುರುತು ಹಾಕಿ, ನೇರ ಮುಟ್ಟಿಸುತ್ತದೆ’ ಅಂತ ಬಿಡಿಸಿ ಬರೆದಿದ್ದೇನೆ. ಚೀಟಿ ಬರೀ ಎರಡು ಬೆರಳಗಲ. ಅಲ್ಲಿ ‘ತಾರಿ, ವಿ-ಲ್ಯಾನ್ 20’. ಕುಮಟಾದವರು ಚಾ ಕೊಡಿಸತಕ್ಕದ್ದು.

ಮೈಸೂರಿನಿಂದ, 9.44

ಹಂಸದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.